ಏಳನೇ ನಂಬರ್ ಅಂಟು

ಜುಲೈ ೧, ಸೋಮವಾರ

ಇವತ್ತಿನಿಂದ ನಾನು ಕೆಮಿಸ್ಟ್ ಅಲ್ಲ, ಬೈಸಿಕೊಳ್ಳುವವನು. ಬಾಗಿಲ ಮೇಲೆ ಹಾಗೆ ಬರೆದಿಲ್ಲ, ‘ಗ್ರಾಹಕ ಸೇವೆ, ತಾಂತ್ರಿಕ’ ಎಂದು ಗೌರವವಾಗಿಯೇ ಬರೆದಿದ್ದಾರೆ. ರೂಮು ಮೆಟ್ಟಿಲ ಕೆಳಗಿದೆ. ಯಾರು ಹತ್ತಿದರೂ ನನ್ನ ತಲೆಯ ಮೇಲೇ ನಡೆದಂತಾಗುತ್ತದೆ. ಒಂದು ಮೇಜು, ಒಂದು ಫೋನು, ಕಾಲು ಅಲ್ಲಾಡುವ ಒಂದು ಕುರ್ಚಿ. ಅಂಟು ತಯಾರಿಸುವ ಕಾರ್ಖಾನೆಯಲ್ಲೇ ಕುರ್ಚಿಯ ಕಾಲು ಬಿಟ್ಟುಕೊಂಡಿದೆ ಅಂದರೆ ಯಾರಿಗೆ ಹೇಳಿಕೊಳ್ಳೋಣ.

ಸೀಸೆ ತೊಳೆಯುವ ಕೆಲಸಕ್ಕೆ ಇಲ್ಲಿ ಸೇರಿದವನು ನಾನು. ಕೆಲಸ ಮಾಡುತ್ತಲೇ ಓದಿ, ಡಿಗ್ರಿ ಮಾಡಿ, ಒಂದೊಂದೇ ಮೇಜು ದಾಟಿ ಲ್ಯಾಬಿನ ಮುಖ್ಯಸ್ಥನಾದೆ. ಹೋದ ವರ್ಷ ಏಳನೇ ನಂಬರ್ ಅಂಟು ಮಾಡಿದೆ. ಹಚ್ಚಿ ಒತ್ತಿ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿಯುತ್ತದೆ. ಆಮೇಲೆ ಎಳೆದರೆ ರಟ್ಟು ಹರಿಯಬೇಕೇ ಹೊರತು ಅಂಟು ಬಿಡುವುದಿಲ್ಲ. ಅಂಥ ಅಂಟಿನ ಮೇಲೆ ದೂರು ಬಂದಿದೆ! ಔಷಧದ ಬಾಟಲಿಗಳಿಗೆ ರಟ್ಟಿನ ಡಬ್ಬಿ ಮಾಡುವ ಯಾವುದೋ ಶೆಡ್ಡಿನಿಂದ. ಡಬ್ಬಿಗಳ ತಳ ಬಿಟ್ಟುಕೊಳ್ಳುತ್ತಿದೆಯಂತೆ.

ಮ್ಯಾನೇಜರು ಕರೆದು ಹೇಳಿದರು. “ನಿಮ್ಮ ಅಂಟು, ನಿಮ್ಮ ದೂರು. ನೀವೇ ಹೋಗಿ ಬಗೆಹರಿಸಿ. ತಪ್ಪು ಅಂಟಿಂದಲ್ಲ ಅಂತ ತೋರಿಸಿದ ದಿನ ಲ್ಯಾಬಿನ ಕುರ್ಚಿ ಮತ್ತೆ ನಿಮ್ಮದು. ಅಲ್ಲೀವರೆಗೂ ಅದು ಖಾಲಿನೇ ಇರುತ್ತೆ.”

ತೋರಿಸುತ್ತೇನೆ. ವಾರ ಕೂಡ ಬೇಡ.

ಮನೆಯಲ್ಲಿ ಹೆಂಡತಿಗೆ ಹೇಳಿದರೆ, “ಒಳ್ಳೇದೇ ಆಯ್ತು ಬಿಡಿ, ನಾಲ್ಕು ಜನರ ಮುಖನಾದ್ರೂ ನೋಡ್ತೀರ” ಅಂದಳು. ಶಾಲೆಯಲ್ಲಿ ಗಣಿತ ಹೇಳಿಕೊಡುವವಳಿಗೆ ಮೇಲೆ ಹೋಗುವುದಕ್ಕೂ ಕೆಳಗೆ ಬರುವುದಕ್ಕೂ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಹೇಗೆ?

ಜುಲೈ ೨, ಮಂಗಳವಾರ

ಶೆಡ್ಡಿಗೆ ಹೋಗಿದ್ದೆ. ತಗಡಿನ ಸೂರು, ಉದ್ದಕ್ಕೆ ಎರಡು ಹಲಗೆ ಮೇಜು, ಅದರ ಸುತ್ತ ಎಂಟೋ ಒಂಬತ್ತೋ ಹೆಂಗಸರು. ಕೈಯೂ ಬಾಯಿಯೂ ಒಟ್ಟಿಗೇ ಓಡುತ್ತವೆ. ಯಾರ ಅತ್ತಿಗೆ ಏನಂದಳು ಅನ್ನುವ ವಿಚಾರಣೆ ನಡೆಯುತ್ತಿತ್ತು. ನನ್ನನ್ನು ನೋಡಿ ವಿಚಾರಣೆ ಮುಂದಕ್ಕೆ ಹೋಯಿತು.

ಶೆಡ್ಡಿನ ಒಡತಿಯನ್ನು ಎಲ್ಲರೂ ಅಕ್ಕ ಅನ್ನುತ್ತಾರೆ. ನನ್ನ ವಯಸ್ಸಿನವಳೇ. ನಮಸ್ಕಾರಕ್ಕೂ ಮೊದಲೇ ಒಂದು ಡಬ್ಬಿ ಎತ್ತಿ ಅಲ್ಲಾಡಿಸಿದಳು. ತಳ ಬಾಗಿಲು ತೆರೆದಂತೆ ತೆರೆದುಕೊಂಡಿತು.

“ಇದರಲ್ಲಿ ಬಾಟ್ಲಿ ಇದ್ದಿದ್ರೆ ನಿಮ್ಮ ಕಾಲ ಮೇಲೆ ಬೀಳ್ತಿತ್ತು ಸಾರ್. ಅಲ್ಲಿ ಹಂಗೇ ಬಿದ್ದಿದೆ. ಔಷಧದವರು ಹೇಳ್ಬಿಟ್ಟಿದಾರೆ, ಇನ್ನೊಂದು ಸಲ ತಳ ಬಿಟ್ರೆ ಕೆಲಸ ಮೆಷಿನ್ನಲ್ಲಿ ಮಾಡೋರಿಗೆ ಕೊಡ್ತೀವಿ ಅಂತ. ಆಮೇಲೆ ಇವರೆಲ್ಲ ಮನೆಗೆ. ನಾನೂ ಮನೆಗೆ.”

“ಅಂಟು ಲ್ಯಾಬಿನಲ್ಲಿ ಪಾಸಾಗಿದೆ” ಅಂದೆ.

“ಹಾಗಾದ್ರೆ ಡಬ್ಬೀನೂ ಲ್ಯಾಬಲ್ಲೇ ಮಾಡ್ಕೊಳ್ಳಿ” ಅಂದಳು. ಹೆಂಗಸರೆಲ್ಲ ಒಟ್ಟಿಗೆ ತಲೆ ಬಗ್ಗಿಸಿದರು. ನಗು ಬಂದಾಗ ಹಾಗೆ ಮಾಡುತ್ತಾರೆ ಅನ್ನುವುದು ನನಗೂ ಗೊತ್ತು.

ಚಹ ಕೊಟ್ಟರು. ಬೇಡ ಅಂದೆ. ಬಿಟ್ಟುಕೊಂಡ ಡಬ್ಬಿಗಳನ್ನು ಒಂದು ಚೀಲಕ್ಕೆ ತುಂಬಿಕೊಂಡು ಬಂದೆ.

ಜುಲೈ ೫, ಶುಕ್ರವಾರ

ನನ್ನದೇ ಲ್ಯಾಬಿನಲ್ಲಿ ಒಂದು ಮೂಲೆ ಕೊಡಿ ಎಂದು ನನ್ನ ಕೈಕೆಳಗಿದ್ದವನನ್ನು ಕೇಳಬೇಕಾಯಿತು. ಪಾಪ, ಅವನೇ ನನಗಿಂತ ಹೆಚ್ಚು ಮುಜುಗರಪಟ್ಟ. ಹೋಗಲಿ.

ಕೆಲಸ ಆಯಿತು! ಬಿಟ್ಟುಕೊಂಡ ಒಂದೊಂದು ಅಂಚನ್ನೂ ಭೂತಗನ್ನಡಿಯಲ್ಲಿ ನೋಡಿದೆ. ಸುತ್ತ ಎಲ್ಲ ಕಡೆ ಅಂಟು ಗಟ್ಟಿಯಾಗಿ ಹಿಡಿದು ರಟ್ಟಿನ ನಾರನ್ನೇ ಕಿತ್ತುಕೊಂಡು ಬಂದಿದೆ. ನಡುವೆ ಮಾತ್ರ ಮೊಟ್ಟೆಯಾಕಾರದ ಒಂದು ಬೋಳು ಜಾಗ. ಅಲ್ಲಿ ಅಂಟು ಕೂತೇ ಇಲ್ಲ. ಅದರ ಮೇಲೆ ಒಂದು ಹನಿ ನೀರು ಬಿಟ್ಟೆ. ರಟ್ಟಿಗೆ ಇಳಿಯದೆ ಮಣಿಯಂತೆ ಗುಂಡಗೆ ನಿಂತಿತು. ಅಂದಮೇಲೆ ಅಲ್ಲಿ ಜಿಡ್ಡಿದೆ. ರಟ್ಟು ಮಾಡುವ ಗಿರಣಿಯವರೇ ಏನೋ ಮೆರುಗು ಬಳಿದಿದ್ದಾರೆ. ಅಕ್ಕ ಅಗ್ಗದ ರಟ್ಟು ಕೊಂಡು ನನ್ನ ಅಂಟಿನ ಹೆಸರು ಕೆಡಿಸುತ್ತಿದ್ದಾಳೆ.

ಸೋಮವಾರ ಹೋಗಿ ಹೇಳಿ ಬಂದರೆ ಮುಗಿಯಿತು. ಮಂಗಳವಾರ ನನ್ನ ಕುರ್ಚಿಯಲ್ಲಿ ನಾನು.

ಜುಲೈ ೮, ಸೋಮವಾರ

ಮುಗಿಯಲಿಲ್ಲ. ರಟ್ಟು ಅಗ್ಗದ್ದು ಅಂದದ್ದಕ್ಕೆ ಅಕ್ಕ ಒಳಗೆ ಹೋಗಿ ಬಿಚ್ಚದ ಕಟ್ಟಿನಿಂದ ಒಂದು ಹಾಳೆ ತಂದು ಮುಂದಿಟ್ಟಳು. “ಹಾಕಿ ನಿಮ್ಮ ನೀರು.” ಹಾಕಿದೆ. ಸುರ್ ಎಂದು ಹೀರಿಕೊಂಡಿತು. ಇನ್ನೊಂದು ಕಡೆ ಹಾಕಿದೆ. ಅಲ್ಲೂ ಹೀರಿಕೊಂಡಿತು. ಹಾಳೆ ಪೂರ್ತಿ ಒದ್ದೆಯಾಯಿತು, ನನ್ನ ಮುಖ ಮಾತ್ರ ಒಣಗಿತು.

“ನಮ್ಮತ್ತೆ ಕಾಲದಿಂದ ಇದೇ ರಟ್ಟು ಸಾರ್. ನಿಮ್ಮ ಹಳೇ ಗಮ್ಮಿಗೆ ಯಾವತ್ತೂ ತಳ ಬಿಟ್ಟಿಲ್ಲ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಒಂದು ಡಬ್ಬಿನಾದ್ರೂ ಅಂಟಿಸಿದೀರಾ?”

ಬಾಲ ಮುದುರಿಕೊಂಡು ಬಂದೆ.

ಜುಲೈ ೯, ಮಂಗಳವಾರ

ಒಂದು ಡಬ್ಬಿನಾದರೂ ಅಂಟಿಸಿದ್ದೀರಾ ಅಂತೆ. ಅಂಟು ಮಾಡಿದವನನ್ನು ಕೇಳುವ ಮಾತೇ ಇದು?

ಜುಲೈ ೧೧, ಗುರುವಾರ

ಅಂಟಿಸಿ ಬಂದೆ. ಬೆಳಿಗ್ಗೆಯಿಂದ ಸಂಜೆವರೆಗೆ ಅವರ ಜೊತೆಯೇ ಕೂತಿದ್ದೆ. ಗುಟ್ಟು ಅಲ್ಲೇ ಎಲ್ಲೋ ಇರಬೇಕು, ನೋಡದೆ ಸಿಗುವುದಿಲ್ಲ.

ನನ್ನನ್ನು ಅಜ್ಜಿಯ ಪಕ್ಕ ಕೂರಿಸಿದರು. ಹಾಗೆ ಕರೆಯುತ್ತಾರೆ ಅಷ್ಟೇ, ಆಕೆಗೆ ಅಂಥಾ ವಯಸ್ಸೇನಲ್ಲ. ಮೊಮ್ಮಗ ಹುಟ್ಟಿದ ದಿನ ಇಡೀ ಶೆಡ್ಡು ಆಕೆಯನ್ನು ಅಜ್ಜಿ ಮಾಡಿಬಿಟ್ಟಿತಂತೆ. ರಟ್ಟು ಮಡಿಸಬೇಕು, ಬ್ರಷ್ಷಿನಲ್ಲಿ ಅಂಟು ಸವರಬೇಕು, ತಳದ ಎರಡು ಕಿವಿ, ಅಂದರೆ ಮಡಚುವ ಪಟ್ಟಿಗಳನ್ನು, ಒಂದರ ಮೇಲೊಂದು ತಂದು ಹೆಬ್ಬೆರಳಿನಲ್ಲಿ ಒತ್ತಬೇಕು. ಅಜ್ಜಿ ಹತ್ತು ಮುಗಿಸುವಷ್ಟರಲ್ಲಿ ನನ್ನದು ಒಂದು, ಅದೂ ಸೊಟ್ಟ. ನನ್ನ ಡಬ್ಬಿಗಳನ್ನು ಬೇರೆ ಇಟ್ಟರು. “ಸಾರ್ ಮಾಡಿದ್ದು ವಾಲೋ ಬಾಟ್ಲಿಗೆ ಸರಿಹೋಗುತ್ತೆ” ಎಂದು ಎದುರಿನವಳು ಅಂದಳು. ಈ ಸಲ ಯಾರೂ ತಲೆ ಬಗ್ಗಿಸಲಿಲ್ಲ, ಎದುರಿಗೇ ನಕ್ಕರು.

ಬೆರಳಿನ ಪಾಡು ಯಾರಿಗೂ ಬೇಡ. ಬ್ರಷ್ಷು ಹಿಡಿದರೂ ಅಂಟು ಬೆರಳಿಗೆ ಬಂದೇ ಬರುತ್ತದೆ. ನನ್ನ ಅಂಟಿಗೆ ರಟ್ಟು ಯಾವುದು, ಚರ್ಮ ಯಾವುದು ಅನ್ನುವ ಭೇದ ಇಲ್ಲ. ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ಕಚ್ಚಿಕೊಂಡವು, ಬಿಡಿಸಿದರೆ ಚರ್ಮದ ಸಮೇತ ಬಂತು. ಲ್ಯಾಬಿನಲ್ಲಿ ಗಾಜಿನ ಕಡ್ಡಿಯಲ್ಲಿ ಹಚ್ಚುತ್ತೇವೆ, ಯಂತ್ರದಲ್ಲಿ ಎಳೆಯುತ್ತೇವೆ. ಬೆರಳಿಗೆ ಅಲ್ಲಿ ಕೆಲಸವೇ ಇಲ್ಲ.

ರಾತ್ರಿ ಊಟ ಚಮಚದಲ್ಲಿ. ಹೆಂಡತಿ ಕೈ ಹಿಡಿದು ನೋಡಿ, “ಏನ್ರೀ ಇದು, ಯಾರ ಜೊತೆ ಜಗಳ ಆಡ್ಕೊಂಡು ಬಂದ್ರಿ?” ಅಂದಳು.

ಜುಲೈ ೧೨, ಶುಕ್ರವಾರ

ಸಿಕ್ಕಿತು. ಸಿಕ್ಕಿಯೇ ಬಿಟ್ಟಿತು!

ಬೆಳಿಗ್ಗೆ ಹೋಗಿ ಕೂತರೆ ನಿನ್ನೆಯ ಬೆರಳು ಉರಿಯುತ್ತಿತ್ತು. ಬ್ರಷ್ಷು ಹಿಡಿಯಲು ಹಿಂದೆಮುಂದೆ ನೋಡುತ್ತಿದ್ದೆ. ಅಜ್ಜಿ ಅದನ್ನು ಗಮನಿಸಿ, ಮೇಜಿನ ಕೆಳಗಿನಿಂದ ಒಂದು ಸಣ್ಣ ಮುಚ್ಚಳ ತೆಗೆದು ನನ್ನ ಕಡೆ ಸರಿಸಿದಳು. ಅದರಲ್ಲಿ ಎಣ್ಣೆ.

“ಬೆರಳಿಗೆ ಒಂಚೂರು ಸವರ್ಕೊಳ್ಳಿ ಸಾರ್. ಗಮ್ಮು ಹತ್ತೋದಿಲ್ಲ. ನಿನ್ನೇನೇ ಕೊಡೋಣ ಅಂತಿದ್ದೆ, ದೊಡ್ಡೋರು ಏನಂದ್ಕೋತೀರೋ ಅಂತ ಸುಮ್ನಿದ್ದೆ.”

“ಎಲ್ಲರೂ ಹಚ್ಕೋತೀರಾ?”

“ಮೊದಲು ಇರಲಿಲ್ಲ. ಹಳೇ ಗಮ್ಮು ಉಜ್ಜಿದ್ರೆ ಉದುರಿಹೋಗ್ತಿತ್ತು. ನಿಮ್ಮದು ಬಂದ ಮೇಲೆ ಚರ್ಮನೇ ಕೀಳೋಕೆ ಶುರುವಾಯ್ತಲ್ಲ, ಆವಾಗಿಂದ.”

ಬಿಟ್ಟುಕೊಂಡ ಒಂದು ಡಬ್ಬಿ ತೆಗೆದು ಆ ಮೊಟ್ಟೆಯಾಕಾರದ ಬೋಳು ಜಾಗದ ಮೇಲೆ ನನ್ನ ಹೆಬ್ಬೆರಳಿಟ್ಟೆ. ಅಳತೆ ಕೊಟ್ಟು ಹೊಲಿಸಿದ ಹಾಗೆ ಸರಿಹೋಯಿತು. ರಟ್ಟು ಮಡಿಸುವಾಗ ಎಣ್ಣೆಯ ಹೆಬ್ಬೆರಳು ಒಳಗಿನ ಕಿವಿಯನ್ನು ಮುಟ್ಟುತ್ತದೆ, ಅಲ್ಲೇ ಅಂಟು ಬೀಳುತ್ತದೆ, ಎಣ್ಣೆಯ ಮೇಲೆ ಅಂಟು ಕೂರುವುದಿಲ್ಲ. ಎರಡು ದಿನ ಅಂಚುಗಳ ಬಲದಲ್ಲಿ ನಿಂತಿರುತ್ತದೆ. ಬಾಟಲಿಯ ಭಾರ ಬಿದ್ದ ಕೂಡಲೇ ತಳ ಕೈಬಿಡುತ್ತದೆ.

ಅಂದರೆ ನನ್ನ ಅಂಟಿನದು ತಪ್ಪಿಲ್ಲ. ಎಳ್ಳಷ್ಟೂ ಇಲ್ಲ. ಎಣ್ಣೆ ಹಚ್ಚಿದವರದು ತಪ್ಪು. ನಾನು ಗೆದ್ದೆ.

ಅಲ್ಲಿ ಯಾರಿಗೂ ಹೇಳಲಿಲ್ಲ. ಚಹದ ಹೊತ್ತಾಗಿತ್ತು, ಕುಡಿಯುವಾಗ ಅಂಥ ಮಾತೇಕೆ ಎಂದು ಸುಮ್ಮನಾದೆ. ಚಹ ಚೆನ್ನಾಗಿತ್ತು.

ಜುಲೈ ೧೫, ಸೋಮವಾರ

ಮ್ಯಾನೇಜರಿಗೆ ವಿಷಯ ಹೇಳಿದೆ. ಕುಣಿಯುವುದೊಂದು ಬಾಕಿ. “ಎರಡೇ ಸಾಲು ಬರ್ಕೊಡಿ ಸ್ವಾಮಿ. ಗ್ರಾಹಕರು ಎಣ್ಣೆ ಕೈಯಲ್ಲಿ ಬಳಸಿದ್ದಾರೆ, ಅಂಟಿನಲ್ಲಿ ದೋಷವಿಲ್ಲ. ಔಷಧದವರಿಗೂ ಒಂದು ಪ್ರತಿ ಕಳಿಸ್ತೀನಿ. ನಾಳೇನೇ ಮೇಲೆ ಬಂದ್ಬಿಡಿ.”

ಎರಡು ಸಾಲಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಅದನ್ನು ಓದಿದ ಗಳಿಗೆಯಲ್ಲೇ ಔಷಧದವರು ಅಕ್ಕನ ಕೆಲಸ ಕಿತ್ತುಕೊಳ್ಳುತ್ತಾರೆ, ಅದೂ ನಿಜ. ಮಧ್ಯಾಹ್ನವಿಡೀ ಕೂತರೂ ಬರೆಯಲಾಗಲಿಲ್ಲ. ಕುರ್ಚಿ ಅಲ್ಲಾಡುತ್ತಿತ್ತು, ಅದಕ್ಕೇ ಇರಬೇಕು.

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿ, “ತಪ್ಪು ಅವರದೇ ತಾನೇ?” ಎಂದು ಕೇಳಿದೆ.

“ಆ ಅಂಟು ಮಾಡಿದೋರಿಗೇ ಎರಡು ದಿನ ತಡ್ಕೊಳ್ಳೋಕೆ ಆಗ್ಲಿಲ್ಲ. ಅವರು ದಿನಾ ತಡ್ಕೋಬೇಕು. ಎಣ್ಣೆ ಹಚ್ಕೊಳ್ದೆ ಇನ್ನೇನು ಮಾಡ್ಬೇಕಿತ್ತು?” ಅಂದಳು.

ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು. ಆದರೂ ಬಿಡಿ, ಬರೆಯುವ ಮೊದಲು ಒಂದು ದಾರಿ ಹುಡುಕಿ ನೋಡುತ್ತೇನೆ. ಅದು ಕೆಮಿಸ್ಟಿನ ಕೆಲಸವೇ.

ಜುಲೈ ೧೭, ಬುಧವಾರ

ಕೈಗವಸು: ದಪ್ಪ, ರಟ್ಟು ಮಡಿಸಲು ಆಗುವುದಿಲ್ಲ. ಒಣ ಸಾಬೂನು ಸವರಿಕೊಂಡು ನೋಡಿದೆ: ಬೆವರಿಗೆ ಕರಗಿ ಅಂಟಿಗೇ ಬೆರೆಯಿತು. ಬೇಸಿನ್ನಿನಲ್ಲಿ ಬೆರಳು ಅದ್ದಿಕೊಂಡು ಕೂತೆ. ಮ್ಯಾನೇಜರು ಎರಡು ಸಲ ಫೋನು ಮಾಡಿದರು, ಎತ್ತಲಿಲ್ಲ.

ಜುಲೈ ೧೮, ಗುರುವಾರ

ಹೆಂಡತಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಳು. ಹಾಳೆ ಮಗುಚಲು ಹೆಬ್ಬೆರಳಿಗೆ ಒಂದು ರಬ್ಬರಿನ ಟೋಪಿ ಹಾಕಿಕೊಳ್ಳುತ್ತಾಳೆ. ಎಷ್ಟೋ ವರ್ಷದಿಂದ ನೋಡುತ್ತಿದ್ದೇನೆ, ಇವತ್ತು ಕಣ್ಣಿಗೆ ಬಿತ್ತು.

“ಕೊಡು ಅದನ್ನ.”

“ರೀ, ಇನ್ನೂ ಒಂದು ಕಟ್ಟು ಬಾಕಿ ಇದೆ!”

ಕಿತ್ತುಕೊಂಡು ಅಡುಗೆಮನೆಗೆ ಹೋಗಿ, ಪರೀಕ್ಷೆಗೆಂದು ಮನೆಗೆ ತಂದಿದ್ದ ಏಳನೇ ನಂಬರ್ ಅಂಟಿನಲ್ಲಿ ಅದ್ದಿದೆ. ಒಣಗಲು ಬಿಟ್ಟು, ಅಂಚು ಎತ್ತಿ ಎಳೆದೆ. ಹಾಲಿನ ಕೆನೆ ಬಂದಂತೆ ಇಡಿಯಾಗಿ ಎದ್ದು ಬಂತು. ರಬ್ಬರು ಕರಗದೆ ಹಾಗೇ ಇದೆ, ಎಣ್ಣೆಯೂ ಬೇಡ, ಸಾಬೂನೂ ಬೇಡ. ಇದಕ್ಕೋಸ್ಕರವೇ ನಾನು ರಸಾಯನಶಾಸ್ತ್ರ ಓದಿದ್ದು? ಇರಲಿ, ಜನ್ಮದಲ್ಲಿ ಇಷ್ಟು ಖುಷಿಯಾದದ್ದು ನೆನಪಿಲ್ಲ. ಅವಳನ್ನು ಕರೆದು ನಾಲ್ಕು ಸಲ ಅದ್ದಿ, ನಾಲ್ಕು ಸಲ ಸುಲಿದು ತೋರಿಸಿದೆ. “ಸರಿ, ಈಗ ಉಳಿದ ಕಟ್ಟು ನೀವೇ ತಿದ್ದಿ” ಅಂದಳು. ತಿದ್ದಿದೆ. ಮಕ್ಕಳು ಭಿನ್ನರಾಶಿಯನ್ನು ಕೊಲೆ ಮಾಡುತ್ತವೆ.

ಜುಲೈ ೧೯, ಶುಕ್ರವಾರ

ಅಂಗಡಿಯಲ್ಲಿದ್ದ ರಬ್ಬರ್ ಟೋಪಿಗಳನ್ನೆಲ್ಲ ಕೊಂಡು ಶೆಡ್ಡಿಗೆ ಹೋದೆ. ಎಣ್ಣೆಯ ವಿಷಯ ಅಕ್ಕನಿಗೆ ಒಬ್ಬಳಿಗೇ ಮೊದಲು ಹೇಳಿದೆ. ಆಕೆಯ ಮುಖ ಬಿಳಿಚಿಕೊಂಡಿತು. “ಹಂಗಾದ್ರೆ ನಮ್ಮದೇ ಅಂತ ಬರ್ದುಬಿಟ್ರಾ?”

“ಇನ್ನೂ ಏನೂ ಬರೆದಿಲ್ಲ. ಮೊದಲು ಇದನ್ನ ಹಾಕ್ಕೊಳ್ಳಿ.”

ಅಜ್ಜಿ ಟೋಪಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. “ತಲೆಗೇ ಟೋಪಿ ಹಾಕಿದೋಳಲ್ಲ ನಾನು, ಈ ವಯಸ್ಸಲ್ಲಿ ಬೆರಳಿಗಾ?” ಎಂದು ಹಾಕಿಕೊಂಡಳು. ಹತ್ತು ಡಬ್ಬಿ ಆಗುವವರೆಗೆ ಗೊಣಗಿದಳು, ಆಮೇಲೆ ಗೊಣಗುವುದನ್ನು ಮರೆತಳು. ಸಂಜೆ ಟೋಪಿಯಿಂದ ಅಂಟು ಸುಲಿದು ತೆಗೆಯುವುದೇ ಒಂದು ಆಟವಾಗಿ, ಯಾರದು ಹರಿಯದೆ ಬರುತ್ತದೆ ಎಂದು ಪಂದ್ಯ ನಡೆಯಿತು. ನಾನು ಎರಡನೆಯವನಾದೆ. ಅಜ್ಜಿ ಮೋಸ ಮಾಡಿದಳು ಅನ್ನುವುದು ನನ್ನ ಅಭಿಪ್ರಾಯ.

ಇವತ್ತಿನ ಡಬ್ಬಿಗಳಲ್ಲಿ ಬಾಟಲಿ ತುಂಬಿಸಿ ಹಲಗೆಯ ಮೇಲೆ ಇಟ್ಟಿದ್ದೇವೆ. ಕೆಲವು ದಿನ ಕಾಯಬೇಕು.

ಜುಲೈ ೨೪, ಬುಧವಾರ

ಒಂದೂ ಬಿಟ್ಟಿಲ್ಲ. ಡಬ್ಬಿ ಹಿಡಿದು ನಾನೇ ಅಲ್ಲಾಡಿಸಿದೆ, ಅಕ್ಕ ಅಲ್ಲಾಡಿಸಿದಳು, ಎದುರಿನವಳು ತಲೆಯ ಮೇಲೆ ಇಟ್ಟುಕೊಂಡು ನಡೆದು ತೋರಿಸಿದಳು.

ವರದಿ ಬರೆದುಕೊಟ್ಟೆ. ಅಂಟು ಸರಿಯಾಗಿದೆ, ನಮ್ಮ ಪರೀಕ್ಷೆ ಸರಿಯಾಗಿಲ್ಲ. ಕೈಯಲ್ಲಿ ಅಂಟಿಸುವವರಿಗೆ ಮಾರುವ ಅಂಟನ್ನು ಕೈಯಲ್ಲಿ ಅಂಟಿಸಿ ನೋಡಬೇಕು. ಬೆರಳಿಗೆ ಏನಾಗುತ್ತದೆ ಎಂದು ಹೇಳದೆ ಮಾರಿದ್ದರಿಂದ ಹಾಳಾದ ಡಬ್ಬಿಗಳ ಹೊಣೆ ನಮ್ಮದು. ಇನ್ನು ಮುಂದೆ ಪ್ರತಿ ಡ್ರಮ್ಮಿನ ಜೊತೆ ರಬ್ಬರ್ ಟೋಪಿ ಕಳಿಸಬೇಕು. ಅಷ್ಟೇ.

ಮ್ಯಾನೇಜರು ಎರಡು ಸಲ ಓದಿದರು. “ನಿಮ್ಮ ಕಾಲ ಮೇಲೆ ನೀವೇ ಕಲ್ಲು ಎತ್ತಿ ಹಾಕ್ಕೊಂಡಿದೀರಿ. ಗೆದ್ದ ಕೇಸು ಸ್ವಾಮಿ ಇದು! ಕುರ್ಚಿ ಮರ್ತುಬಿಡಿ.”

ಹೊರಗೆ ಬಂದಾಗ ಮನಸ್ಸಿಗೆ ಬಹಳ ನೋವಾಯಿತು, ಸುಳ್ಳು ಯಾಕೆ ಹೇಳಲಿ. ಲ್ಯಾಬಿನ ಮುಂದೆ ಹಾದುಹೋಗಬೇಕಾಗುತ್ತದೆ ಎಂದು ಹಿಂದಿನ ಬಾಗಿಲಿಂದ ಮನೆಗೆ ಹೋದೆ.

ಜುಲೈ ೨೬, ಶುಕ್ರವಾರ

ಬೆಳಿಗ್ಗೆ ಅಕ್ಕನ ಫೋನು. ಔಷಧದವರು ಬಂದು ಡಬ್ಬಿಗಳನ್ನು ಕುಲುಕಿ, ತಿರುಗಿಸಿ, ಎತ್ತರದಿಂದ ಬೀಳಿಸಿ ನೋಡಿದರಂತೆ. ಬಾಟಲಿ ಒಡೆಯಿತಂತೆ, ತಳ ಬಿಡಲಿಲ್ಲವಂತೆ! ಕೆಲಸ ಇವರಲ್ಲೇ ಉಳಿಯಿತು. ಹಿಂದಿನಿಂದ ಹೆಂಗಸರ ಗಲಾಟೆ ಕೇಳುತ್ತಿತ್ತು. ಅಜ್ಜಿ ಫೋನು ಕಿತ್ತುಕೊಂಡು, “ಸಾರ್, ನಿಮ್ಮ ಸೊಟ್ಟ ಡಬ್ಬೀನೂ ತಗೊಂಡ್ಹೋದ್ರು!” ಅಂದಳು.

ನಗುತ್ತಲೇ ಫೋನಿಟ್ಟೆ. ಮಧ್ಯಾಹ್ನ ಇನ್ನೊಂದು ದೂರು ಬಂತು. ಚಪ್ಪಲಿ ಮಾಡುವವನು, ಅಟ್ಟೆ ಬಿಡುತ್ತದಂತೆ. ಇವತ್ತೇ ಬರುತ್ತೇನೆ ಅಂದೆ. ನಾಳೆ ಬಂದರೂ ಸಾಕಿತ್ತಂತೆ.

ಜುಲೈ ೩೦, ಮಂಗಳವಾರ

ಚಪ್ಪಲಿಯವನು ಅಟ್ಟೆಗೆ ಅಂಟು ಹಚ್ಚಿ ಬಾಯಿಂದ ಊದುತ್ತಾನೆ, ಬೇಗ ಒಣಗಲಿ ಎಂದು. ಉಸಿರಿನ ತೇವ ಅಂಟಿನ ಮೇಲೆ ಕೂರುತ್ತದೆ. “ಅಪ್ಪನೂ ಹಿಂಗೇ ಊದ್ತಿದ್ದ” ಅಂದ. “ನಿಮ್ಮಪ್ಪನ ಕಾಲದ ಅಂಟು ಬೇರೆ, ನೀವು ಊದೋ ಆಸೆ ಇದ್ರೆ ಪೀಪಿ ಊದಿ” ಅಂದೆ. ನಕ್ಕೂ ನಕ್ಕೂ ಅವನಿಗೆ ಕೆಮ್ಮು ಬಂತು. ಅವನ ಹೆಂಡತಿ ಒಂದು ಹಳೇ ಬೀಸಣಿಗೆ ಹುಡುಕಿ ತಂದಳು. ನನ್ನ ಎಡಗಾಲಿನ ಚಪ್ಪಲಿ ಸವೆದದ್ದನ್ನು ನೋಡಿ, ನಾನು ಬೇಡ ಅಂದರೂ ಕೇಳದೆ ಹೊಲಿದುಕೊಟ್ಟ. ಜನ ಒಳ್ಳೆಯವರು.

ಸ್ನಾನ ಮಾಡುವಾಗ ಹಾಡುತ್ತೇನೆ ಎಂದು ಹೆಂಡತಿಯ ಆರೋಪ. ಇಲ್ಲ.

ಆಗಸ್ಟ್ ೨, ಶುಕ್ರವಾರ

ಮ್ಯಾನೇಜರು ಕರೆಸಿದರು. ಕಾರ್ಖಾನೆಯ ಯಜಮಾನರು ವರದಿ ಓದಿದರಂತೆ. ರಬ್ಬರ್ ಟೋಪಿ ಕೊಟ್ಟದ್ದೇ ತಡ, ಕೈಯಲ್ಲಿ ಡಬ್ಬಿ ಮಾಡುವ ಬೇರೆ ಶೆಡ್ಡಿನವರೂ ಏಳನೇ ನಂಬರ್ ಕೇಳುತ್ತಿದ್ದಾರಂತೆ. “ಅವರನ್ನ ಮೆಟ್ಟಿಲ ಕೆಳಗೆ ಯಾಕ್ರೀ ಕೂರಿಸಿದೀರಿ?” ಎಂದು ಯಜಮಾನರೇ ಕೇಳಿದರಂತೆ.

“ಲ್ಯಾಬಿನ ಕುರ್ಚಿ ನಿಮ್ಮದು. ಸೋಮವಾರ ಸಂಜೆ ಒಳಗೆ ಹೂಂ ಅಂದ್ಬಿಡಿ, ಯಜಮಾನರು ರಾತ್ರಿ ಊರಿಗೆ ಹೋಗ್ತಾರೆ. ನೀವು ಏನೂ ಹೇಳ್ದಿದ್ರೆ ಲ್ಯಾಬಲ್ಲಿ ನಿಮ್ಮ ಕೈಕೆಳಗಿದ್ದೋನಿಗೆ ಕೊಟ್ಬಿಡ್ತಾರೆ.”

ಅಂತೂ ಬಂತು! ಒಂದು ತಿಂಗಳಿಂದ ಹಗಲೂ ರಾತ್ರಿ ಇದೇ ಧ್ಯಾನ ತಾನೇ ನನಗೆ. ಅಲ್ಲೇ ಹೂಂ ಅನ್ನುವವನಿದ್ದೆ, ಅಷ್ಟರಲ್ಲಿ ಕೆಳಗೆ ನನ್ನ ಫೋನು ಹೊಡೆದುಕೊಳ್ಳುವುದು ಕೇಳಿಸಿತು, ಓಡಿದೆ. ಪುಸ್ತಕ ಬೈಂಡ್ ಮಾಡುವವನು. ದಪ್ಪ ಪುಸ್ತಕಗಳಲ್ಲಿ ನಡುವಿನ ಹಾಳೆಗಳು ಮಾತ್ರ ಉದುರುತ್ತವಂತೆ, ಮೊದಲಿನವೂ ಕೊನೆಯವೂ ಗಟ್ಟಿ. ನಡುವಿನವು ಯಾಕೆ?

ಆಗಸ್ಟ್ ೫, ಸೋಮವಾರ

ಬೈಂಡರನ ಅಂಗಡಿ ಒಂದು ಓಣಿಯ ತುದಿಯಲ್ಲಿದೆ. ಎಷ್ಟು ಇಕ್ಕಟ್ಟು ಅಂದರೆ ಅವನು ಉಸಿರು ಬಿಟ್ಟಾಗ ನಾನು ಎಳೆದುಕೊಳ್ಳಬೇಕು. ತುಂಬಾ ಮಾತುಗಾರ, ಆದರೆ ಕೈ ಕೆಲಸ ನೋಡುವಂಥದ್ದು. ಹಾಳೆಗಳನ್ನು ಕುಟ್ಟಿ ಸಮ ಮಾಡುತ್ತಾನೆ, ಇಕ್ಕಳದಲ್ಲಿ ಬಿಗಿಯುತ್ತಾನೆ, ಬೆನ್ನಿಗೆ ಅಂಟು ಬಳಿಯುತ್ತಾನೆ. ನನಗೂ ಬ್ರಷ್ಷು ಕೊಟ್ಟ. ಬೆಳಿಗ್ಗೆ ಮಾಡಿದ್ದರಲ್ಲಿ ಉದುರುವುದು ಕಾಣಲಿಲ್ಲ, ಮಧ್ಯಾಹ್ನದ ಮೇಲೆ ಮಾಡಿದ್ದರಲ್ಲಿ ಕಂಡಿತು. ನಡುವೆ ಬದಲಾದದ್ದು ಏನು? ಇಕ್ಕಳ ಬಿಗಿಯುವವನು ಬದಲಾದ, ಮಧ್ಯಾಹ್ನ ಅವನ ಭಾವಮೈದ ಬಂದ. ಆಳು ಪೈಲ್ವಾನನಂತಿದ್ದಾನೆ. ಅಷ್ಟು ಬಿಗಿದರೆ ನಡುವಿನ ಹಾಳೆಗಳ ಸಂದಿಗೆ ಅಂಟು ಇಳಿಯಲು ಜಾಗವೆಲ್ಲಿ? ಇದು ನನ್ನ ಗುಮಾನಿ, ಇನ್ನೂ ಖಚಿತವಿಲ್ಲ. ಒಂದು ಪುಸ್ತಕ ಸಡಿಲವಾಗಿ ಬಿಗಿಸಿ, ಇನ್ನೊಂದನ್ನು ಭಾವಮೈದನ ಕೈಯಲ್ಲಿ ಬಿಗಿಸಿ ಒಣಗಲು ಇಟ್ಟು ಬಂದಿದ್ದೇನೆ. ಅಂಗಡಿಯಿಂದ ಏಳುವಾಗ ಕತ್ತಲಾಗಿತ್ತು. ತಲೆಕೂದಲಿಗೂ ಅಂಟು ಮೆತ್ತಿತ್ತು.

ಊಟಕ್ಕೆ ಕೂತು ಇದನ್ನೆಲ್ಲ ಹೆಂಡತಿಗೆ ವಿವರಿಸುತ್ತಿದ್ದೆ. ತಟ್ಟೆಯನ್ನು ಪುಸ್ತಕ ಮಾಡಿ, ಲೋಟವನ್ನು ಇಕ್ಕಳ ಮಾಡಿ ತೋರಿಸುತ್ತಿದ್ದೆ. ಅವಳು ಎಲ್ಲ ಕೇಳಿ, “ಇವತ್ತು ಸೋಮವಾರ. ಮ್ಯಾನೇಜರಿಗೆ ಏನಂದ್ರಿ?” ಅಂದಳು.

ತುತ್ತು ಕೈಯಲ್ಲೇ ಉಳಿಯಿತು. ಗಡಿಯಾರ ನೋಡಿದೆ. ಯಜಮಾನರು ಹೊರಟಾಗಿತ್ತು.

“ಮರ್ತೇಹೋಯ್ತು ಕಣೇ.”

“ಮರ್ತಿರಲ್ಲ, ಅಲ್ಲಿಗೆ ನೀವು ಹೇಳಾಯ್ತು ಬಿಡಿ” ಎಂದು ಅವಳು ಇನ್ನಷ್ಟು ಬಡಿಸಿದಳು.

“ನಾನು ಯಾವಾಗ ಹೇಳಿದೆ?” ಎಂದು ಕೇಳಿದರೆ ಒಂದೇ ಸಮ ನಗುತ್ತಾಳೆ. ಇವಳ ಲೆಕ್ಕ ಇವಳಿಗೇ ಗೊತ್ತು.

ಮ್ಯಾನೇಜರಿಗೆ ಫೋನು ಮಾಡಿ ಒಂದು ಮಾತು ಹೇಳಬೇಕು, ತಪ್ಪು ತಿಳಿದುಕೊಂಡಾರು. ಬೆಳಿಗ್ಗೆ ಆಗುವುದಿಲ್ಲ, ಬೈಂಡರನ ಎರಡೂ ಪುಸ್ತಕ ಬಿಚ್ಚಿ ನೋಡುವುದಿದೆ. ಮಧ್ಯಾಹ್ನದ ಮೇಲೆ ಪುರಸೊತ್ತು ಸಿಕ್ಕರೆ ನೋಡೋಣ.